ಸರ್ ಎಂವಿ ಕಟ್ಟಿದ್ದು ಅಣೆಕಟ್ಟು ಮಾತ್ರವೇ?

ಸೆಪ್ಟೆಂಬರ್ 15 ಬಂತೆಂದರೆ ಮೈಸೂರು ಪೇಟ ತೊಟ್ಟ ವಿಶ್ವೇಶ್ವರಯ್ಯನವರ ಫೋಟೋ, ಪಕ್ಕದಲ್ಲಿ ಕನ್ನಂಬಾಡಿ ಕಟ್ಟೆ, ಎಲ್ಲ ಗ್ರೂಪುಗಳಲ್ಲೂ ಓಡಾಡುತ್ತವೆ. ಆದರೆ ಅವರು ಕಟ್ಟೆಯಷ್ಟೇ ಅಲ್ಲ, ಸಂಸ್ಥೆಗಳನ್ನೂ ಕಟ್ಟಿದವರು. ಆ ಕಥೆ ಫಾರ್ವರ್ಡ್ ಆಗುವುದು ಕಡಿಮೆ.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿದರು. ಮುಂಬೈ ಸರ್ಕಾರದಲ್ಲಿ ವರ್ಷಗಟ್ಟಲೆ ದುಡಿದು 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು.

1911ರಲ್ಲಿ ಆರಂಭವಾದ ಮೈಸೂರು ಆರ್ಥಿಕ ಸಮ್ಮೇಳನದ ಹಿಂದೆ ಅವರ ಯೋಚನೆಯಿತ್ತು. ಬೇಸಾಯ, ಶಿಕ್ಷಣ, ಕೈಗಾರಿಕೆಗಳ ಬಗ್ಗೆ ಅಧಿಕಾರಿಗಳೂ ಸಾರ್ವಜನಿಕರೂ ಒಟ್ಟಿಗೆ ಕೂತು ಚರ್ಚಿಸುವ ಏರ್ಪಾಡು ಅದು. ಬಳಿಕ 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂದವು. ಸರ್ಕಾರಿ ಕಚೇರಿಗಳ ಕೆಲಸದ ದಕ್ಷತೆಯನ್ನು ಪರಿಶೀಲಿಸುವ ಪದ್ಧತಿಯನ್ನೂ ತಂದರು. 1923ರಿಂದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು, ಸ್ಥಳೀಯರನ್ನೇ ತರಬೇತುಗೊಳಿಸಿ ಬೆಳೆಸಿದರು.

ಹಾಗಾದರೆ ಚಿಕ್ಕಲಸಂದ್ರದಿಂದ ಬಸ್ಸು ಹತ್ತಿ ಹೋಗುವ ನೌಕರರು ಇಂದು ಎಚ್‌ಆರ್‌ನವರ ಬಾಯಲ್ಲಿ ಕೇಳುವ ಆರ್ಗನೈಸೇಷನ್ ಡೆವಲಪ್‌ಮೆಂಟ್‌ಗೆ ಇವರೇ ಪಿತಾಮಹರೇ? ಅಲ್ಲ. ಹಾಗೆಂದು ಯಾರಾದರೂ ಕಳಿಸಿದರೆ ನಂಬಬೇಡಿ. ಆ ವಿದ್ಯೆಯ ಬೇರು ಇರುವುದು 1940ರ ದಶಕದ ಅಮೆರಿಕದಲ್ಲಿ, ಜರ್ಮನಿಯಿಂದ ವಲಸೆ ಹೋದ ಮನೋವಿಜ್ಞಾನಿ ಕರ್ಟ್ ಲೆವಿನ್ ಅವರ ಕೆಲಸದಲ್ಲಿ. ವರ್ಜೀನಿಯಾದ ಪೈಜಾಮ ಕಾರ್ಖಾನೆಯೊಂದರಲ್ಲಿ ಅವರ ಸಂಗಡಿಗರು ಕಂಡುಕೊಂಡದ್ದು ಸರಳ: ಕೆಲಸದ ರೀತಿ ಬದಲಿಸುವಾಗ ಕಾರ್ಮಿಕರನ್ನೂ ಕೂಡಿಸಿಕೊಂಡು ತೀರ್ಮಾನಿಸಿದರೆ ಉತ್ಪಾದನೆ ಬೇಗ ಚೇತರಿಸಿಕೊಳ್ಳುತ್ತದೆ. ಮೇಲಿನಿಂದ ಹೇರಿದರೆ ಕುಸಿಯುತ್ತದೆ.

ವ್ಯತ್ಯಾಸ ಇರುವುದು ಇಲ್ಲೇ. ವಿಶ್ವೇಶ್ವರಯ್ಯನವರ ಒತ್ತು ಶಿಸ್ತು, ಯೋಜನೆ, ಅರ್ಹತೆಯ ಮೇಲೆ. ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯಗಳಿಗೆ ಸ್ಥಾನ ಮೀಸಲಿಡುವ ವಿಚಾರದಲ್ಲಿ ಮಹಾರಾಜರೊಂದಿಗೆ ಭಿನ್ನಾಭಿಪ್ರಾಯ ಬಂದು 1918ರಲ್ಲಿ ಅವರು ದಿವಾನಗಿರಿ ಬಿಟ್ಟರು. ಅದೇ ವರ್ಷ ಮಹಾರಾಜರು ನೇಮಿಸಿದ ಮಿಲ್ಲರ್ ಸಮಿತಿ ಮೀಸಲಾತಿಗೆ ದಾರಿ ಮಾಡಿತು. ಕಚೇರಿ ದಕ್ಷವಾಗಿದ್ದರೆ ಸಾಕೇ, ಅದರೊಳಗೆ ಯಾರಿಗೆಲ್ಲ ಕುರ್ಚಿ ಇದೆ ಎಂಬುದೂ ಮುಖ್ಯವೇ? ಈ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ.

1955ರಲ್ಲಿ ಭಾರತರತ್ನ ಪಡೆದ ಅವರು, ನೂರು ವರ್ಷ ದಾಟಿ 1962ರಲ್ಲಿ ತೀರಿಕೊಂಡರು. ಮುಂದಿನ ಸೆಪ್ಟೆಂಬರಿನಲ್ಲಿ ಕಟ್ಟೆಯ ಫೋಟೋ ಕಳಿಸುವಾಗ ಈ ಕಥೆಯನ್ನೂ ಪೂರ್ತಿಯಾಗಿ ಕಳಿಸಿ.