ಮೊಗ್ಲಿಂಗ್ ಪಾದ್ರಿಯ ಕಲ್ಲಚ್ಚು

ಜುಲೈ 1 ಅಂದ್ರೆ ನಮ್ಮ ಕ್ಲಾಸಿನ ಗ್ರೂಪುಗಳಲ್ಲಿ ಡಾಕ್ಟರ್ಸ್ ಡೇ ಸ್ಟೇಟಸ್‌ಗಳದ್ದೇ ಹಾವಳಿ. ಅದೇ ದಿನ ಕರ್ನಾಟಕದಲ್ಲಿ ಪತ್ರಿಕಾ ದಿನಾಚರಣೆಯೂ ನಡೆಯುತ್ತೆ ಅನ್ನೋದು ನಮಗೆ ಹೋದ ವರ್ಷದ ತನಕ ಗೊತ್ತಿರಲಿಲ್ಲ. 1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ದ ಮೊದಲ ಸಂಚಿಕೆ ಹೊರಬಂತು. ಕನ್ನಡದ ಮೊದಲ ಪತ್ರಿಕೆ ಅಂತ ಅದನ್ನೇ ಕರೆಯುತ್ತಾರೆ. ಅದರ ಸಂಪಾದಕರು ಹರ್ಮನ್ ಮೊಗ್ಲಿಂಗ್. ಅವರ ನಿಜವಾದ ಕೆಲಸ ಪತ್ರಿಕೆ ನಡೆಸುವುದಾಗಿರಲಿಲ್ಲ. ತಮ್ಮ ಚರ್ಚ್‌ನ ಮಾತನ್ನು ಇಲ್ಲಿನ ಜನರಿಗೆ ಮುಟ್ಟಿಸಿ, ಅವರನ್ನು ಆ ಕಡೆಗೆ ಕರೆತರುವುದಕ್ಕೆ ಅವರನ್ನು ಕಳಿಸಲಾಗಿತ್ತು. ಈಗಿನ ಮಾತಲ್ಲಿ ಹೇಳುವುದಾದರೆ ಪ್ರಚಾರದ ಕೆಲಸ. ಆ ಕೆಲಸದಲ್ಲಿ ಅವರು ಗೆದ್ದರಾ ಸೋತರಾ ಅಂತ ನಾವು ಕ್ಲಬ್ಬಿನಲ್ಲಿ ಎರಡು ಸಂಜೆ ಜಗಳ ಆಡಿದ್ದೇವೆ. ಈ ಬರಹ ಆ ಜಗಳದಿಂದಲೇ ಹುಟ್ಟಿದ್ದು.

ಮೊಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದರು. ಊರಲ್ಲೇ ಇದ್ದಿದ್ದರೆ ಒಂದು ಒಳ್ಳೆ ಚರ್ಚ್ ಸಿಕ್ಕಿ ಆರಾಮಾಗಿ ಇರಬಹುದಿತ್ತು. ಅದನ್ನು ಬಿಟ್ಟು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿದರು. ಆ ಮಿಷನ್ 1834ರಲ್ಲಷ್ಟೇ ಮಂಗಳೂರಿಗೆ ಬಂದಿತ್ತು. ಮೊಗ್ಲಿಂಗ್ ಬಂದಿಳಿದದ್ದು 1836ರ ಕೊನೆಗೆ. ವಯಸ್ಸು 25, ಅಂದ್ರೆ ನಮ್ಮ ಎಂಟೆಕ್ ಸೀನಿಯರ್‌ಗಳ ವಯಸ್ಸು.

ಅವರು ಬಂದಾಗ ಮಂಗಳೂರು ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ ಕೆನರಾ ಜಿಲ್ಲೆಯ ಊರು. ಆಳ್ವಿಕೆ ಕಂಪನಿ ಸರ್ಕಾರದ್ದು. 1837ರ ಏಪ್ರಿಲ್‌ನಲ್ಲಿ ಸುಳ್ಯ ಕಡೆಯಿಂದ ಹೊರಟ ರೈತರ ದಂಡು ಮಂಗಳೂರನ್ನು ಹಿಡಿದು ಸುಮಾರು ಎರಡು ವಾರ ಇಟ್ಟುಕೊಂಡಿತ್ತು. ಕಂಪನಿಯ ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿಗೆ ಓಡಿದ್ದರು. ಬಿಳಿ ಚರ್ಮದ ಪಾದ್ರಿ ಅಂದ್ರೆ ಸಾಕು, ಜನರ ಕಣ್ಣಿಗೆ ಅವನೂ ಕಂಪನಿಯ ಪೈಕಿಯೇ. ಅಂಥ ಊರಲ್ಲಿ ಸಂತೆಯ ನಡುವೆ ನಿಂತು ಬೋಧನೆ ಮಾಡಿದರೆ ಯಾರು ಕೇಳ್ತಾರೆ? ಕೆಲವರು ನಿಂತು ನೋಡುತ್ತಾರೆ, ಕೆಲವರು ನಗುತ್ತಾರೆ, ಉಳಿದವರು ಉಪ್ಪು ಮೆಣಸು ಕೊಂಡು ಮನೆಗೆ ಹೋಗುತ್ತಾರೆ. ಫೆಸ್ಟ್ ಟೈಮಲ್ಲಿ ಕ್ಯಾಂಟೀನ್ ಮುಂದೆ ಮೈಕ್ ಹಿಡಿದು ಕೂಗಿದ ಅನುಭವ ನಮಗೂ ಇದೆ. ಸಮೋಸ ತಿನ್ನುವವರು ತಲೆ ಎತ್ತುವುದಿಲ್ಲ.

ಮೊಗ್ಲಿಂಗ್ ಮೊದಲು ಮಾಡಿದ ಕೆಲಸ ಕನ್ನಡ ಕಲಿತದ್ದು. ಬೋಧನೆಗೆ ಬೇಕಾದ ಹತ್ತು ವಾಕ್ಯ ಬಾಯಿಪಾಠ ಮಾಡಿ ನಿಲ್ಲಿಸಲಿಲ್ಲ. ಗಾದೆ, ಹಾಡು, ಪುರಾಣ ಎಲ್ಲದರ ಒಳಗೆ ಇಳಿದು ಕಲಿತರು. ಹುಬ್ಬಳ್ಳಿ-ಧಾರವಾಡ ಕಡೆಗೂ ಹೋಗಿ ಇದ್ದು ಬಂದರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಈಗ ಒಂದೊಂದೇ ಅಕ್ಷರ ಕೂಡಿಸಿಕೊಂಡು ಹಳೆ ಪುಸ್ತಕ ಓದುವ ನಮ್ಮಂಥವರಿಗೆ ಇದು ಸ್ವಲ್ಪ ನಾಚಿಕೆಯ ವಿಷಯ, ಅದನ್ನು ಇಲ್ಲಿಗೇ ಬಿಡೋಣ. ಮಂಗಳೂರಿಗೆ ವಾಪಸ್ ಬಂದಮೇಲೆ ಬಲ್ಮಠದ ಗುಡ್ಡದಲ್ಲಿ ಹುಡುಗರನ್ನು ಇಟ್ಟುಕೊಂಡು ಪಾಠ ಶುರು ಮಾಡಿದರು.

ಇನ್ನು ಯಂತ್ರದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ನಮ್ಮದು ಎಂಜಿನಿಯರಿಂಗ್ ಕಾಲೇಜು ತಾನೆ. ಮಿಷನ್ನಿನವರು 1841ರಲ್ಲಿ ಮಂಗಳೂರಲ್ಲಿ ಮುದ್ರಣಾಲಯ ತೆರೆದರು. ಮೊಗ್ಲಿಂಗರ ಬಂಧು ಗಾಟ್‌ಫ್ರೀಡ್ ವೈಗ್ಲೆ ಮುಂಬಯಿಯಿಂದ ಕಲ್ಲಚ್ಚಿನ ಯಂತ್ರವನ್ನೂ ಅದನ್ನು ನಡೆಸಬಲ್ಲ ಕೆಲಸಗಾರರನ್ನೂ ತಂದಿದ್ದರು. ಅಚ್ಚುಮೊಳೆ ಬಿಟ್ಟು ಕಲ್ಲಚ್ಚು ಯಾಕೆ? ಇಂಗ್ಲಿಷಿಗೆ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಸೇರಿಸಿದರೂ ನೂರು ಚಿಲ್ಲರೆ ಮೊಳೆ ಸಾಕು. ಕನ್ನಡದಲ್ಲಿ ಪ್ರತಿ ವ್ಯಂಜನಕ್ಕೂ ಕಾಗುಣಿತ ಇದೆ, ಅದರ ಕೆಳಗೆ ಒತ್ತು ಬರುತ್ತೆ. ‘ಸ್ತ್ರೀ’ ಅನ್ನೋ ಒಂದೇ ಅಕ್ಷರಕ್ಕೆ ಎಷ್ಟು ಸೀಸದ ತುಂಡು ಜೋಡಿಸಬೇಕು ಅಂತ ಯೋಚನೆ ಮಾಡಿ. ಆ ಮೊಳೆಗಳನ್ನು ಕೊರೆಯಲು ವರ್ಷಗಟ್ಟಲೆ ಬೇಕು, ಹಣವೂ ಬೇಕು.

ಕಲ್ಲಚ್ಚಿಗೆ ಇದ್ಯಾವುದೂ ಬೇಡ. ನುಣುಪಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರಹ ಮೂಡಿಸುತ್ತಾರೆ. ಅದರ ಮೇಲೆ ಗೋಂದು ಮತ್ತು ತೆಳು ಆಮ್ಲ ಹಚ್ಚುತ್ತಾರೆ. ಆಮೇಲೆ ಕಲ್ಲಿಗೆ ನೀರು ಸವರಿದರೆ ಬರಹ ಇಲ್ಲದ ಕಡೆ ಮಾತ್ರ ನೀರು ಹಿಡಿಯುತ್ತೆ. ಈಗ ಮಸಿಯ ಉರುಳೆ ಓಡಿಸಿದರೆ ಮಸಿ ಬರಹದ ಮೇಲೆ ಮಾತ್ರ ಅಂಟುತ್ತೆ, ಯಾಕಂದ್ರೆ ಎಣ್ಣೆಗೂ ನೀರಿಗೂ ಆಗಿಬರಲ್ಲ. ಕಾಗದ ಇಟ್ಟು ಒತ್ತಿದರೆ ಪುಟ ರೆಡಿ. ಅಕ್ಷರ ತಿರುಗುಮುರುಗಾಗಿ ಮೂಡುವ ಸಮಸ್ಯೆಗೂ ಉಪಾಯ ಇತ್ತು: ಬೇರೆ ಕಾಗದದಲ್ಲಿ ನೆಟ್ಟಗೆ ಬರೆದು ಅದನ್ನು ಕಲ್ಲಿಗೆ ಇಳಿಸುವುದು. ಕೈಬರಹ ಚೆನ್ನಾಗಿರುವ ಒಬ್ಬ ಮನುಷ್ಯ ಸಿಕ್ಕಿದರೆ ಕನ್ನಡ ಅಚ್ಚಾಗುತ್ತಿತ್ತು. ಓದುವವರಿಗೂ ಅದು ಓಲೆಗರಿ, ಕಡತಗಳಲ್ಲಿ ನೋಡಿ ಅಭ್ಯಾಸವಿದ್ದ ಕೈಬರಹದ ಹಾಗೇ ಕಾಣುತ್ತಿತ್ತು. ಪರದೇಶದ ವಸ್ತು ಅನ್ನಿಸುತ್ತಿರಲಿಲ್ಲ. ಇದು ಮೊಗ್ಲಿಂಗರ ಲೆಕ್ಕಾಚಾರವಾಗಿತ್ತೋ ಇಲ್ಲವೋ, ಉಪಯೋಗವಂತೂ ಆಗಿರಬೇಕು ಅಂತ ನಮ್ಮ ಅಂದಾಜು.

ಈ ಯಂತ್ರದಲ್ಲಿ ಮೊದಲು ಅಚ್ಚಾದವು ಕ್ರೈಸ್ತ ಪುಸ್ತಕಗಳು, ಅದು ಸಹಜ. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಕಲ್ಲಿನಿಂದ ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟದ ‘ಮಂಗಳೂರು ಸಮಾಚಾರ’ ಬರತೊಡಗಿತು. ಊರಿನ ಸುದ್ದಿ, ಕಂಪನಿ ಸರ್ಕಾರದ ಕಾನೂನು, ಬೇರೆ ದೇಶಗಳ ವರ್ತಮಾನ, ಕಥೆ, ಜೊತೆಗೆ ಪುರಂದರದಾಸರ ಹಾಡು! ಬೈಬಲ್ ಹಂಚಲು ಬಂದ ಪಾದ್ರಿಯ ಪತ್ರಿಕೆಯಲ್ಲಿ ಪಂಢರಪುರದ ವಿಠಲನ ಭಕ್ತನ ಪದ. ನಮ್ಮ ಜಗಳ ಜೋರಾಗಿದ್ದು ಇಲ್ಲೇ. ಇದು ಬರೀ ತಂತ್ರ, ಜನ ಪತ್ರಿಕೆ ಕೈಗೆತ್ತಿಕೊಳ್ಳಲಿ ಅಂತ ಹಾಕಿದ ಗಾಳ ಅಂತ ಒಬ್ಬರು. ದಾಸರು ಡಾಂಭಿಕರನ್ನು ಬೈಯುವುದು ಪಾದ್ರಿಗಳಿಗೆ ಅನುಕೂಲವಾಗಿ ಕಂಡಿತ್ತು ಅಂತ ಇನ್ನೊಬ್ಬರು. ಎರಡರಲ್ಲೂ ಸತ್ಯ ಇರಬಹುದು. ಆದರೆ ಬರೀ ತಂತ್ರ ಆಗಿದ್ದರೆ ನಾಲ್ಕು ಹಾಡಿಗೇ ಮುಗಿಯಬೇಕಿತ್ತು. ಅವರು ಆಮೇಲೆ ಮಾಡಿದ ಕೆಲಸ ನೋಡಿದರೆ ಹಾಗೆ ಅನ್ಸಲ್ಲ.

ಆ ಕಾಲದಲ್ಲಿ ಊರಿಗೆ ಸುದ್ದಿ ಬರುತ್ತಿದ್ದದ್ದು ಬಾಯಿಂದ ಬಾಯಿಗೆ. ದೇಶಕ್ಕೆಲ್ಲ ಒಂದೇ ದರದ ಅರ್ಧ ಆಣೆ ಅಂಚೆ ಬಂದದ್ದು 1854ರಲ್ಲಿ. ರೈಲು ಇರಲಿಲ್ಲ. ಹಡಗಿನಲ್ಲಿ ಬಂದವನು ಹೇಳಿದ್ದೇ ಸುದ್ದಿ, ಅದು ಬಂದರಿನಿಂದ ಪೇಟೆಗೆ ಬರುವಷ್ಟರಲ್ಲಿ ಮೂರು ಬಾಲ ಬೆಳೆಸಿಕೊಂಡಿರುತ್ತಿತ್ತು. ದಿಟ ಯಾವುದು ಸಟೆ ಯಾವುದು ಅಂತ ಬಿಡಿಸಿ ಹೇಳುವ ಒಂದು ಕಾಗದ ಜನರಿಗೆ ಬೇಕಿತ್ತು. ಮೊಗ್ಲಿಂಗ್ ಮೊದಲು ಆ ಬೇಕನ್ನು ಪೂರೈಸಿದರು. ತಮ್ಮ ಚರ್ಚ್‌ಗೆ ಬೇಕಾದದ್ದನ್ನೇ ಪುಟದ ತುಂಬ ತುಂಬಲಿಲ್ಲ. ಕಾಲೇಜಿನ ಎಷ್ಟೋ ಸಂಘಗಳ ಪೇಜುಗಳಲ್ಲಿ ತಮ್ಮ ಕಾರ್ಯಕ್ರಮ, ತಮ್ಮ ಫೋಟೋ, ತಮ್ಮ ಅತಿಥಿ ಬಿಟ್ಟರೆ ಬೇರೇನೂ ಇರಲ್ಲ. ನಮ್ಮದನ್ನೂ ಸೇರಿಸಿಯೇ ಹೇಳುತ್ತಿದ್ದೇವೆ.

ಆದರೆ ಪತ್ರಿಕೆಗೆ ಒಂದು ವರ್ಷವೂ ತುಂಬಲಿಲ್ಲ. 1844ರ ಮಾರ್ಚ್‌ನಿಂದ ಅದು ‘ಕನ್ನಡ ಸಮಾಚಾರ’ ಅನ್ನೋ ಹೆಸರಲ್ಲಿ ಬಳ್ಳಾರಿಗೆ ಹೋಯಿತು. ಅಲ್ಲಿ ಅಚ್ಚುಮೊಳೆಯಲ್ಲಿ ಮುದ್ರಣ ಆಗುತ್ತಿತ್ತು, ಹೆಚ್ಚು ಪ್ರತಿ ತೆಗೆಯಬಹುದಿತ್ತು, ಕನ್ನಡ ನಾಡಿನ ಬೇರೆ ಕಡೆಗೂ ಕಳಿಸಬಹುದಿತ್ತು. ಮೇ ಹೊತ್ತಿಗೆ ನಿಂತೇ ಹೋಯಿತು.

ಅದೇ 1844ರ ಜನವರಿಯಲ್ಲಿ ಮಂಗಳೂರಿನಲ್ಲಿ ಇನ್ನೊಂದು ಘಟನೆ ನಡೆದಿತ್ತು. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ಹುಡುಗ ಆನಂದರಾವ್ ಕೌಂಡಿನ್ಯ ಮತ್ತು ಅವರ ಇಬ್ಬರು ಜೊತೆಗಾರರು ಕ್ರೈಸ್ತರಾದರು. ಊರಲ್ಲಿ ದೊಡ್ಡ ಗಲಾಟೆ ಎದ್ದಿತು. ಮಿಷನ್ ದೃಷ್ಟಿಯಲ್ಲಿ ಇದು ಮೊಗ್ಲಿಂಗರ ಅತಿ ದೊಡ್ಡ ಗೆಲುವು. ಮಕ್ಕಳನ್ನು ಓದಲಿ ಅಂತ ಶಾಲೆಗೆ ಕಳಿಸಿದ್ದ ಮನೆಗಳ ದೃಷ್ಟಿಯಲ್ಲಿ ಇದು ನಂಬಿಕೆಗೆ ಮಾಡಿದ ದ್ರೋಹ. ನಾವು ಇದರಲ್ಲಿ ಒಂದು ಕಡೆ ನಿಂತು ತೀರ್ಪು ಕೊಡಲಾರೆವು. ಆನಂದರಾಯರು ಸ್ವಂತ ಬುದ್ಧಿಯಿಂದ ಆಯ್ದುಕೊಂಡ ದಾರಿ ಅದು. 1846ರಲ್ಲಿ ಮೊಗ್ಲಿಂಗರ ಜೊತೆ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ, ಹಿಂದಿರುಗಿ ಬಂದು ಜೀವಮಾನವಿಡೀ ಅದೇ ಕೆಲಸ ಮಾಡಿದರು. ಹಾಗಂತ ಮನೆಯ ಮಗ ಒಂದು ದಿನ ಇದ್ದಕ್ಕಿದ್ದಂತೆ ಬೇರೆಯವರ ಮನೆಯವನಾದಾಗ ಆ ತಾಯಿ ತಂದೆಗೆ ಏನಾಗಿರುತ್ತೆ ಅಂತ ಯೋಚಿಸದೆ ಮುಂದಕ್ಕೆ ಹೋಗಲೂ ಆಗಲ್ಲ. ಪತ್ರಿಕೆಯ ಪುಟದಲ್ಲಿ ಎಲ್ಲರಿಗೂ ಸೇರಿದವರಾಗಿ ಕಾಣುತ್ತಿದ್ದ ಮನುಷ್ಯನಿಗೆ ಒಂದು ಉದ್ದೇಶ ಇದೆ ಅನ್ನೋದು ಅವತ್ತು ಊರಿಗೆ ಬಟಾಬಯಲಾಯಿತು. ಮೊಗ್ಲಿಂಗ್ ಅದನ್ನು ಯಾವತ್ತೂ ಮುಚ್ಚಿಟ್ಟವರಲ್ಲ, ಅದು ಬೇರೆ ಮಾತು.

ಯುರೋಪಿನಿಂದ ವಾಪಸ್ ಬಂದಮೇಲೆ ಅವರು ಕೈಹಾಕಿದ ಕೆಲಸವೇ ನಮಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣುತ್ತೆ. ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಅಂತ ಒಂದು ಮಾಲೆ, 1848ರಿಂದ ಶುರು. ಓಲೆಗರಿಯಲ್ಲಿ, ಕಡತದಲ್ಲಿ, ಹಾಡುವವರ ನಾಲಿಗೆಯಲ್ಲಿ ಇದ್ದ ಹಳೆಯ ಕನ್ನಡ ಕೃತಿಗಳನ್ನು ಹುಡುಕಿ ಅಚ್ಚುಹಾಕಿಸುವುದು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ಚೆನ್ನಬಸವ ಪುರಾಣ ಬಂದವು. 1850ರಲ್ಲಿ ದಾಸರ ಪದಗಳ ಸಂಗ್ರಹವೂ ಬಂತು. ವೈಷ್ಣವರದ್ದು, ವೀರಶೈವರದ್ದು, ಎಲ್ಲ ಒಂದೇ ಮಾಲೆಯಲ್ಲಿ, ಕ್ರೈಸ್ತ ಮಿಷನ್ನಿನ ಕಲ್ಲಚ್ಚಿನಲ್ಲಿ! ಜನರನ್ನು ಬೈಬಲ್ ಕಡೆಗೆ ಕರೆತನ್ನಿ ಅಂತ ಜರ್ಮನಿ, ಸ್ವಿಟ್ಜರ್ಲೆಂಡಿನ ಹಳ್ಳಿಗಳ ಭಕ್ತರು ಕೊಟ್ಟ ಕಾಣಿಕೆಯಲ್ಲಿ ರಾಮಾಯಣ ಅಚ್ಚು ಹಾಕುವುದು ಹೇಗೆ? ಇದಕ್ಕೆ ದುಡ್ಡು ಬಂದದ್ದು ಬೇರೆ ಕಡೆಯಿಂದ. ನೀಲಗಿರಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಖರ್ಚು ವಹಿಸಿಕೊಂಡರು.

ಹೊಸ ಮಿಷನರಿಗಳು ಜನರನ್ನು ಅರಿಯಬೇಕಾದರೆ ಈ ಪುಸ್ತಕಗಳು ಬೇಕು ಅನ್ನುವ ವಾದ ಅವರಿಗಿತ್ತು ನಿಜ. ಎದುರಿಗಿರುವವನು ಏನು ಹಾಡುತ್ತಾನೆ ಅಂತ ಗೊತ್ತಿಲ್ಲದೆ ಅವನಿಗೆ ಏನು ಹೇಳ್ತೀರಿ? ಈ ವಾದ ಪ್ರಚಾರದ ಲೆಕ್ಕದಲ್ಲೂ ಸರಿಯೇ. ಆದರೆ ಅಚ್ಚಾದ ಪುಸ್ತಕ ಅಚ್ಚು ಹಾಕಿಸಿದವನ ಮಾತು ಕೇಳಲ್ಲ. ಮಿಷನರಿಗಳು ಓದಲಿ ಅಂತ ತಂದ ದಾಸರ ಪದಗಳನ್ನು ಆಮೇಲೆ ಕನ್ನಡಿಗರೇ ಎತ್ತಿಕೊಂಡರು.

1853ರ ಹೊತ್ತಿಗೆ ಮೊಗ್ಲಿಂಗ್ ಕೊಡಗಿಗೆ ಹೋದರು. ಕ್ರೈಸ್ತರಾಗಿದ್ದ ಸೋಮಯ್ಯ ಎಂಬ ಕೊಡವರೊಬ್ಬರ ಸಂಬಂಧದಿಂದ ಆ ದಾರಿ ತೆರೆದಿತ್ತು. 1855ರಲ್ಲಿ ಕೊಡಗಿನ ಚರಿತ್ರೆ, ಜನಜೀವನ ಕುರಿತು ಇಂಗ್ಲಿಷಿನಲ್ಲಿ ‘ಕೂರ್ಗ್ ಮೆಮಾಯಿರ್ಸ್’ ಬರೆದರು. ಅಮ್ಮತ್ತಿ ಹತ್ತಿರ ಆನಂದಪುರ ಅಂತ ಒಂದು ಊರು ಕಟ್ಟಿದರು. ಅಲ್ಲಿ ಬಂದು ನೆಲೆಸಿದವರು ಬೇರೆಯವರ ಜಮೀನಿನಲ್ಲಿ ದುಡಿದು ಬದುಕುತ್ತಿದ್ದ ದಲಿತ ಕುಟುಂಬಗಳು. ಮಂಗಳೂರಲ್ಲಿ ಮೊಗ್ಲಿಂಗರ ಕಣ್ಣು ಓದಿದ ಮೇಲ್ಜಾತಿಯ ಹುಡುಗರ ಮೇಲಿತ್ತು. ಕೊಡಗಿನಲ್ಲಿ ಅವರ ಹತ್ತಿರ ಬಂದವರು ಪತ್ರಿಕೆ, ಪುರಾಣ ಓದಲು ಬಾರದವರು. ಅವರಿಗೆ ಬೇಕಾಗಿದ್ದು ಭೂಮಿ, ತಲೆಯ ಮೇಲೊಂದು ಸೂರು. ಇಪ್ಪತ್ತು ವರ್ಷ ಅಕ್ಷರದಿಂದ ಜನರನ್ನು ಮುಟ್ಟಲು ಹೊರಟವರಿಗೆ ಅಲ್ಲಿ ಕಲ್ಲಚ್ಚು ಉಪಯೋಗಕ್ಕೆ ಬರಲಿಲ್ಲ ಅನ್ನೋದನ್ನು ನಮ್ಮ ಪೈಕಿ ಯಾರೂ ಮೊದಲು ಗಮನಿಸಿರಲಿಲ್ಲ.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, ಕನ್ನಡದ ಕೆಲಸಕ್ಕಾಗಿ. 1860ರಲ್ಲಿ ಹೆಂಡತಿಯ ಆರೋಗ್ಯ ಕೆಟ್ಟಿದ್ದರಿಂದ ಜರ್ಮನಿಗೆ ಮರಳಿದರು. ಮತ್ತೆ ಈ ಕಡೆ ಬರಲಾಗಲಿಲ್ಲ.

ಅವರ ಗೆಳೆಯ ಹರ್ಮನ್ ಗುಂಡರ್ಟ್ 1847ರಲ್ಲಿ ತಲಶ್ಶೇರಿಯಿಂದ ಮಲಯಾಳದ ಮೊದಲ ಪತ್ರಿಕೆ ‘ರಾಜ್ಯ ಸಮಾಚಾರಂ’ ತಂದಿದ್ದರು. ಮಂಗಳೂರಿನ ಮುದ್ರಣಾಲಯಕ್ಕೆ 1851ರಲ್ಲಿ ಬಂದ ಜಾರ್ಜ್ ಪ್ಲೆಬ್ಸ್ಟ್ ಕಲ್ಲಚ್ಚಿನ ಜಾಗಕ್ಕೆ ಅಚ್ಚುಮೊಳೆ ತಂದರು. ನಮ್ಮ ಸಿವಿಲ್‌ನವರು ಕೇಳಿಸಿಕೊಳ್ಳಿ, 1865ರಲ್ಲಿ ಜೆಪ್ಪುವಿನಲ್ಲಿ ಮಂಗಳೂರು ಹೆಂಚಿನ ಕಾರ್ಖಾನೆ ತೆರೆದದ್ದೂ ಅದೇ ಪ್ಲೆಬ್ಸ್ಟ್. ಎಂ.ಜಿ. ರಸ್ತೆಯಲ್ಲಿ ಪ್ರತಿಮೆ ಇರುವ ಕಿಟೆಲ್ ಕೂಡ ಇದೇ ಮಿಷನ್ನಿನವರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂದದ್ದು 1894ರಲ್ಲಿ, ಆ ಹೊತ್ತಿಗೆ ಮೊಗ್ಲಿಂಗ್ ಇರಲಿಲ್ಲ.

ಜರ್ಮನಿಯಲ್ಲಿದ್ದ ವರ್ಷಗಳಲ್ಲಿ ಮೊಗ್ಲಿಂಗ್ ದಾಸರ ಪದಗಳನ್ನೂ ಜೈಮಿನಿ ಭಾರತದ ಭಾಗಗಳನ್ನೂ ಜರ್ಮನ್ ಭಾಷೆಗೆ ತಂದು ಅಲ್ಲಿನ ಪೌರ್ವಾತ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ಕಾಲದಲ್ಲಿ ಜರ್ಮನ್ ಚರ್ಚ್‌ನ ಮಾತನ್ನು ಕನ್ನಡಕ್ಕೆ ತಂದು ಹಂಚಿದವರು, ಈಗ ಪುರಂದರದಾಸರನ್ನು ಜರ್ಮನ್ ಓದುಗರ ಮುಂದೆ ಇಟ್ಟು ಕೂತಿದ್ದರು. 1881ರ ಮೇ ತಿಂಗಳಲ್ಲಿ ಎಸ್ಲಿಂಗನ್ ಊರಿನಲ್ಲಿ ತೀರಿಕೊಂಡರು. ಮರುವರ್ಷ ಅವರ ಜೀವನಚರಿತ್ರೆ ಬಂತು. ಬರೆದವರು ಗುಂಡರ್ಟ್.