ಜಾನ್ ಎಲಿಯಟ್

ಜಾನ್ ಎಲಿಯಟ್ (1604 – ಮೇ 21, 1690) ಇಂಗ್ಲೆಂಡಿನಲ್ಲಿ ಹುಟ್ಟಿ ಉತ್ತರ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ ನೆಲೆಸಿದ ಪ್ಯೂರಿಟನ್ ಸಭಾಪಾಲಕರು, ಧರ್ಮಪ್ರಚಾರಕರು ಹಾಗೂ ಭಾಷಾಂತರಕಾರರು. ಅಲ್ಲಿನ ಮೂಲನಿವಾಸಿಗಳ ಮ್ಯಾಸಚೂಸೆಟ್ ಭಾಷೆಗೆ ಇಡೀ ಬೈಬಲನ್ನು ಅನುವಾದಿಸಿ 1663ರಲ್ಲಿ ಮುದ್ರಿಸಿದ ಕಾರ್ಯಕ್ಕಾಗಿ ಅವರು ಪ್ರಸಿದ್ಧರು. ಅಮೆರಿಕ ಖಂಡಗಳಲ್ಲಿ ಯಾವುದೇ ಭಾಷೆಯಲ್ಲಿ ಅಚ್ಚಾದ ಮೊದಲ ಸಂಪೂರ್ಣ ಬೈಬಲ್ ಇದೇ. ಇಂಗ್ಲಿಷ್ ವಲಸಿಗರು ತಮ್ಮ ಇಂಗ್ಲಿಷ್ ಬೈಬಲನ್ನು ಇನ್ನೂ ಸ್ವದೇಶದಿಂದ ತರಿಸಿಕೊಳ್ಳುತ್ತಿದ್ದ ಕಾಲವದು.

ಜನನ ಮತ್ತು ವಿದ್ಯಾಭ್ಯಾಸ

ಎಲಿಯಟ್ ಅವರು ಹರ್ಟ್‌ಫರ್ಡ್‌ಷೈರ್ ಪ್ರಾಂತದ ವಿಡ್‌ಫರ್ಡ್ ಗ್ರಾಮದಲ್ಲಿ ಜನಿಸಿದರು. 1604ರ ಆಗಸ್ಟ್ 5ರಂದು ಅವರಿಗೆ ದೀಕ್ಷಾಸ್ನಾನವಾದ ದಾಖಲೆಯಿದೆ. ಬಾಲ್ಯವನ್ನು ಎಸೆಕ್ಸ್ ಪ್ರಾಂತದ ನೇಜಿಂಗ್‌ನಲ್ಲಿ ಕಳೆದು, ಕೇಂಬ್ರಿಜ್‌ನ ಜೀಸಸ್ ಕಾಲೇಜಿನಲ್ಲಿ ಓದಿ 1622ರಲ್ಲಿ ಪದವಿ ಪಡೆದರು. ಬಳಿಕ ಪ್ಯೂರಿಟನ್ ಮುಖಂಡ ಥಾಮಸ್ ಹೂಕರ್ ನಡೆಸುತ್ತಿದ್ದ ಶಾಲೆಯಲ್ಲಿ ಉಪಾಧ್ಯಾಯರಾದರು. ಪ್ಯೂರಿಟನ್ ಪಂಥದವರ ಮೇಲೆ ಚರ್ಚಿನ ಅಧಿಕಾರಿಗಳ ಒತ್ತಡ ಹೆಚ್ಚಿ ಹೂಕರ್ ದೇಶ ಬಿಡಬೇಕಾಯಿತು. ಎಲಿಯಟ್ ಸಹ 1631ರಲ್ಲಿ ಹಡಗೇರಿ ಬಾಸ್ಟನ್‌ಗೆ ಬಂದರು. 1632ರಲ್ಲಿ ಸಮೀಪದ ರಾಕ್ಸ್‌ಬರಿಯ ಚರ್ಚಿಗೆ ನೇಮಕಗೊಂಡು ಕೊನೆಯುಸಿರಿನವರೆಗೆ, ಅಂದರೆ ಐವತ್ತೆಂಟು ವರ್ಷ, ಅಲ್ಲಿಯೇ ಸೇವೆ ಸಲ್ಲಿಸಿದರು. ಅದೇ ವರ್ಷ ಹಾನಾ ಮಮ್‌ಫರ್ಡ್ ಅವರೊಡನೆ ವಿವಾಹವಾಯಿತು. ದಂಪತಿಗೆ ಆರು ಮಕ್ಕಳು.

ರಾಕ್ಸ್‌ಬರಿಯಲ್ಲಿ 1645ರಲ್ಲಿ ಸ್ಥಾಪನೆಯಾದ ಲ್ಯಾಟಿನ್ ಶಾಲೆಗೆ ಅವರೇ ಮೂಲಪುರುಷರು. ಆ ಶಾಲೆ ಇಂದಿಗೂ ನಡೆಯುತ್ತಿದೆ. ಇಂಗ್ಲಿಷರ ಉತ್ತರ ಅಮೆರಿಕ ವಸಾಹತುಗಳಲ್ಲಿ ಮುದ್ರಿತವಾದ ಮೊದಲ ಪುಸ್ತಕವೆಂದು ಹೆಸರಾದ 1640ರ ಕೀರ್ತನೆಗಳ ಪದ್ಯಾನುವಾದವನ್ನು ಸಿದ್ಧಪಡಿಸಿದವರಲ್ಲಿಯೂ ಅವರು ಒಬ್ಬರು.

ಭಾಷೆಯ ಕಲಿಕೆ

ಎಲಿಯಟ್ ಬರುವ ಮೊದಲೇ, 1616ರಿಂದ 1619ರವರೆಗಿನ ಸಾಂಕ್ರಾಮಿಕ ರೋಗಗಳಿಂದ ಕರಾವಳಿಯ ಮೂಲನಿವಾಸಿಗಳ ಊರೂರೇ ಬರಿದಾಗಿತ್ತು. 1633ರಲ್ಲಿ ಸಿಡುಬು ಮತ್ತೆ ಬಡಿಯಿತು. ಅಳಿದುಳಿದವರ ಬೇಟೆಯ ಕಾಡು ಮತ್ತು ಜೋಳದ ಹೊಲಗಳು ವಲಸಿಗರ ಪಾಲಾಗುತ್ತಿದ್ದವು. ಮುಂದೆ ಕೆಲವರು ಎಲಿಯಟ್ ಅವರ ಮಾತಿಗೆ ಕಿವಿಗೊಟ್ಟುದಕ್ಕೆ ಧಾರ್ಮಿಕ ಆಕರ್ಷಣೆಯ ಜೊತೆಗೆ, ಉಳಿದಷ್ಟು ಭೂಮಿಯನ್ನಾದರೂ ಕಾಯ್ದುಕೊಳ್ಳುವ ಆಸೆಯೂ ಕಾರಣವಾಗಿತ್ತೆಂಬುದನ್ನು ಮರೆಯಬಾರದು.

ಎಲಿಯಟ್ ಅವರ ಮೊದಲ ಭಾಷಾಗುರು ಕೊಕೆನೋ ಎಂಬ ತರುಣ. ಲಾಂಗ್ ಐಲೆಂಡಿನವನಾದ ಈತ 1637ರ ಪೀಕ್ವಾಟ್ ಯುದ್ಧದಲ್ಲಿ ಸೆರೆಸಿಕ್ಕಿ ಡಾರ್ಚೆಸ್ಟರ್‌ನ ಒಂದು ಇಂಗ್ಲಿಷ್ ಮನೆಯಲ್ಲಿ ಆಳಾಗಿದ್ದನು. ಅವನ ನೆರವಿನಿಂದ ಎಲಿಯಟ್ ದಶಾಜ್ಞೆಗಳನ್ನೂ ಪ್ರಭುವಿನ ಪ್ರಾರ್ಥನೆಯನ್ನೂ ಅನುವಾದಿಸಿದರು. ಆಗ ಅವರಿಗೆ ನಲವತ್ತರ ಆಸುಪಾಸು.

ಮ್ಯಾಸಚೂಸೆಟ್ ಭಾಷೆ ಅಲ್ಗಾಂಕ್ವಿಯನ್ ಕುಟುಂಬಕ್ಕೆ ಸೇರಿದ್ದು. ಲ್ಯಾಟಿನ್, ಗ್ರೀಕ್, ಹೀಬ್ರೂಗಳನ್ನು ಓದಿದ್ದ ವಿದ್ವಾಂಸರಿಗೂ ಅದರ ರಚನೆ ಹೊಸದಾಗಿತ್ತು. ನಾಮಪದಗಳಿಗೆ ಗಂಡು, ಹೆಣ್ಣು ಎಂಬ ಭೇದವಿಲ್ಲ. ಸಚೇತನ, ಅಚೇತನ ಎಂಬ ಭೇದವಿದೆ. ತಂದೆ, ತಾಯಿ, ಕೈ, ಕಣ್ಣು ಮುಂತಾದ ಪದಗಳು ಯಾರ ತಂದೆ, ಯಾರ ಕೈ ಎಂಬ ಸೂಚನೆಯಿಲ್ಲದೆ ಒಂಟಿಯಾಗಿ ನಿಲ್ಲುವುದಿಲ್ಲ. ಕೇಳುಗನನ್ನು ಸೇರಿಸಿಕೊಂಡ ‘ನಾವು’ ಬೇರೆ, ಕೇಳುಗನನ್ನು ಬಿಟ್ಟ ‘ನಾವು’ ಬೇರೆ; ತೆಲುಗು ಬಲ್ಲವರಿಗೆ ‘ಮನಮು’, ‘ಮೇಮು’ ಎಂಬ ರೂಪಗಳಿಂದ ಇದು ಸುಲಭವಾಗಿ ತಿಳಿಯುತ್ತದೆ. ದೇವರನ್ನೇ ಉದ್ದೇಶಿಸಿ ‘ನಮ್ಮ ತಂದೆ’ ಎನ್ನುವಾಗ ಯಾವ ‘ನಮ್ಮ’ವನ್ನು ಬಳಸಬೇಕೆಂದು ಅನುವಾದಕ ಯೋಚಿಸಲೇಬೇಕು. ಕ್ರಿಯಾಪದಕ್ಕೆ ಪ್ರತ್ಯಯಗಳು ಒಂದರ ಬೆನ್ನಿಗೊಂದು ಅಂಟಿ ಒಂದು ವಾಕ್ಯದಷ್ಟು ಅರ್ಥವನ್ನು ಒಂದೇ ಪದ ಹೊರುವುದೂ ಉಂಟು. ಈ ಭಾಷೆಗೆ ಅಕ್ಷರಮಾಲೆ ಇರಲಿಲ್ಲ. ಎಲಿಯಟ್ ರೋಮನ್ ಲಿಪಿಯನ್ನು ಅಳವಡಿಸಿ, ಅದರಲ್ಲಿ ಎರಡು ಸೊನ್ನೆಗಳನ್ನು ಹೆಣೆದಂತಿರುವ ಹೊಸ ಅಕ್ಷರವೊಂದನ್ನು ಬಳಕೆಗೆ ತಂದರು. 1666ರಲ್ಲಿ ಆ ಭಾಷೆಯ ವ್ಯಾಕರಣವನ್ನೂ ಪ್ರಕಟಿಸಿದರು.

ಪ್ರಚಾರ ಮತ್ತು ಪ್ರಾರ್ಥನಾ ಗ್ರಾಮಗಳು

1646ರ ಸೆಪ್ಟೆಂಬರಿನಲ್ಲಿ ಡಾರ್ಚೆಸ್ಟರ್ ಬಳಿ ಅವರು ಮಾಡಿದ ಮೊದಲ ಉಪದೇಶವನ್ನು ಯಾರೂ ಮೆಚ್ಚಲಿಲ್ಲ. ಅಕ್ಟೋಬರ್ 28ರಂದು ನೊನಾಂಟಮ್‌ನಲ್ಲಿ ವಾಬನ್ ಎಂಬ ಮುಖಂಡನ ಗುಡಿಸಲಿನಲ್ಲಿ ನಡೆದ ಸಭೆ ಯಶಸ್ವಿಯಾಯಿತು. ಇದರ ವರದಿಗಳು ಲಂಡನ್ ತಲುಪಿದ ಮೇಲೆ 1649ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಧರ್ಮಪ್ರಚಾರಕ್ಕಾಗಿ ಒಂದು ನಿಗಮವನ್ನು ಸ್ಥಾಪಿಸಿತು. ಮುಂದೆ ವಿಜ್ಞಾನಿ ರಾಬರ್ಟ್ ಬಾಯ್ಲ್ ಅದರ ಅಧ್ಯಕ್ಷರಾದರು.

ಮತಾಂತರಗೊಂಡವರು ಒಂದೆಡೆ ನೆಲೆಸಬೇಕೆಂಬುದು ಎಲಿಯಟ್ ಅವರ ಅಭಿಪ್ರಾಯ. ಅದರಂತೆ ಚಾರ್ಲ್ಸ್ ನದಿಯ ದಡದಲ್ಲಿ ನೇಟಿಕ್ ಗ್ರಾಮ ಹುಟ್ಟಿಕೊಂಡಿತು. ನಿವಾಸಿಗಳೇ ನದಿಗೆ ಮರದ ಕಾಲುಸೇತುವೆ ಕಟ್ಟಿದರು. ಎರಡಂತಸ್ತಿನ ಸಭಾಗೃಹದ ಮಹಡಿಯಲ್ಲಿ ಎಲಿಯಟ್ ತಂಗಲು ಒಂದು ಕೋಣೆಯಿತ್ತು. 1674ರ ವೇಳೆಗೆ ಇಂತಹ ಹದಿನಾಲ್ಕು ಪ್ರಾರ್ಥನಾ ಗ್ರಾಮಗಳಿದ್ದು, ಸುಮಾರು 1,100 ಜನರು ವಾಸವಾಗಿದ್ದರು.

ಈ ಗ್ರಾಮಗಳಲ್ಲಿ ಸೇರಿದವರು ತಮ್ಮ ಬದುಕಿನ ರೀತಿಯನ್ನೇ ತೊರೆಯಬೇಕಾಗಿತ್ತು. ಗಂಡಸರು ನೀಳಗೂದಲು ಕತ್ತರಿಸಬೇಕು, ಮಂತ್ರವೈದ್ಯರ ಬಳಿ ಹೋಗಬಾರದು, ಇಂಗ್ಲಿಷರಂತೆ ಬೇಸಾಯ ಮಾಡಬೇಕು, ತಪ್ಪಿದರೆ ದಂಡ. ಎಲಿಯಟ್ ಅವರು ಆ ಜನರ ನುಡಿಯನ್ನು ಆದರಿಸಿದಷ್ಟು ಅವರ ನಡೆಯನ್ನು ಆದರಿಸಲಿಲ್ಲ. ಇಷ್ಟಾದರೂ ಇಂಗ್ಲಿಷ್ ಸಭೆಗಳು ಅವರನ್ನು ಸುಲಭವಾಗಿ ನಂಬಲಿಲ್ಲ. 1652ರಲ್ಲಿ ನೇಟಿಕ್‌ನವರು ಹಿರಿಯರ ಎದುರು ತಮ್ಮ ವಿಶ್ವಾಸವನ್ನು ನಿವೇದಿಸಿಕೊಂಡರೂ, ಅವರಿಗೆ ಸ್ವಂತ ಚರ್ಚು ದೊರೆತದ್ದು 1660ರಲ್ಲಿ.

ಬೈಬಲ್ ಅನುವಾದ

1654ರಲ್ಲಿ ಒಂದು ಪ್ರಶ್ನೋತ್ತರ ಪಾಠಪುಸ್ತಕ ಅಚ್ಚಾಯಿತು. ಅದರ ಒಂದು ಪ್ರತಿಯೂ ಉಳಿದಿಲ್ಲ. ಮರುವರ್ಷ ಆದಿಕಾಂಡ ಹಾಗೂ ಮತ್ತಾಯನ ಸುವಾರ್ತೆ ಹೊರಬಂದವು. ನಿಗಮವು ಕಾಗದ ಮತ್ತು ಅಚ್ಚುಮೊಳೆಗಳನ್ನು ಇಂಗ್ಲೆಂಡಿನಿಂದ ಕಳುಹಿಸಿತು. 1660ರಲ್ಲಿ ಮಾರ್ಮಡ್ಯೂಕ್ ಜಾನ್ಸನ್ ಎಂಬ ನುರಿತ ಮುದ್ರಕನನ್ನೂ ಕಳುಹಿಸಿತು. ಅವನು ಕೇಂಬ್ರಿಜ್ ಪಟ್ಟಣದ ಮುದ್ರಕ ಸ್ಯಾಮ್ಯುಯೆಲ್ ಗ್ರೀನ್ ಜೊತೆಗೂಡಿ ಕೆಲಸ ಮಾಡಿದನು. ಹೊಸ ಒಡಂಬಡಿಕೆ 1661ರಲ್ಲಿ, ಸಂಪೂರ್ಣ ಬೈಬಲ್ 1663ರಲ್ಲಿ ಪ್ರಕಟವಾದವು. ಗ್ರಂಥವನ್ನು ದೊರೆ ಎರಡನೆಯ ಚಾರ್ಲ್ಸ್‌ಗೆ ಅರ್ಪಿಸಲಾಯಿತು.

ಈ ಗ್ರಂಥವನ್ನು ಎಲಿಯಟ್ ಒಬ್ಬರ ಕೃತಿಯೆಂದು ಹೇಳುವ ವಾಡಿಕೆಯಿದೆ. ವಾಸ್ತವವಾಗಿ ಮೂವರು ಮೂಲನಿವಾಸಿಗಳು ಇದರ ಸಹಕರ್ತರು. ಜಾಬ್ ನೆಸುಟನ್ ಅನುವಾದದಲ್ಲಿ ದೀರ್ಘಕಾಲ ಜೊತೆಗಿದ್ದನು. ಇಂಗ್ಲಿಷ್ ಮನೆಯಲ್ಲಿ ಬೆಳೆದ ಜಾನ್ ಸಸಮನ್ ಶಾಲೋಪಾಧ್ಯಾಯನೂ ಲಿಪಿಕಾರನೂ ಆಗಿದ್ದನು. ನಿಪ್‌ಮಕ್ ಜನಾಂಗದ ವೊವೌಸ್ ಅಚ್ಚುಮೊಳೆ ಜೋಡಿಸುವ ಕೆಲಸ ಕಲಿತು ಜೇಮ್ಸ್ ಪ್ರಿಂಟರ್ ಎಂದೇ ಹೆಸರಾದನು. ಎರಡು ದಶಕಗಳ ನಂತರ ಬಾಯ್ಲ್ ಅವರಿಗೆ ಬರೆದ ಪತ್ರದಲ್ಲಿ, ಮೊಳೆ ಜೋಡಿಸಿ ಕರಡನ್ನು ಅರ್ಥವರಿತು ತಿದ್ದಬಲ್ಲವನು ಈತನೊಬ್ಬನೇ ಎಂದು ಎಲಿಯಟ್ ಸ್ವತಃ ತಿಳಿಸಿದ್ದಾರೆ.

ಅನುವಾದದ ಬಗ್ಗೆ ಒಂದು ಕಥೆ ಬಹಳ ಹರಡಿದೆ. ನ್ಯಾಯಸ್ಥಾಪಕರ ಪುಸ್ತಕದಲ್ಲಿ ಸೀಸೆರನ ತಾಯಿ ಕಿಟಕಿಯ ಜಾಲರಿಯಿಂದ ನೋಡುವ ಪ್ರಸಂಗಕ್ಕೆ ಪದ ಸಿಗದೆ, ಎಲಿಯಟ್ ಬೆರಳುಗಳನ್ನು ಹೆಣೆದು ತೋರಿಸಿದರಂತೆ. ಕೇಳಿದವರು ಮೀನು ಹಿಡಿಯುವ ಬುಟ್ಟಿಯ ಹೆಸರನ್ನು ಹೇಳಿದರಂತೆ! ಕಥೆ ಸ್ವಾರಸ್ಯಕರವಾದರೂ ನಿಜವಲ್ಲ. ಮುದ್ರಿತ ಗ್ರಂಥದಲ್ಲಿರುವುದು ಜಾಲರಿ ಎಂಬರ್ಥದ ಇಂಗ್ಲಿಷ್ ಪದವೇ, ಸ್ಥಳೀಯ ಪ್ರತ್ಯಯದೊಡನೆ; ನಾವು ‘ಬಸ್ಸಿನಲ್ಲಿ’ ಎನ್ನುವಂತೆ.

ಯುದ್ಧಕಾಲ

1675ರ ಆರಂಭದಲ್ಲಿ ಸಸಮನ್‌ನ ಶವ ಒಂದು ಕೆರೆಯ ಮಂಜುಗಡ್ಡೆಯ ಕೆಳಗೆ ದೊರೆಯಿತು. ವಂಪನೋವಾಗ್ ನಾಯಕ ಮೆಟಕಾಮ್ ಯುದ್ಧಕ್ಕೆ ಅಣಿಯಾಗುತ್ತಿದ್ದಾನೆಂದು ಅವನು ಇಂಗ್ಲಿಷರನ್ನು ಎಚ್ಚರಿಸಿದ್ದನು. ಕೊಲೆಯ ಆರೋಪದ ಮೇಲೆ ಮೂವರು ವಂಪನೋವಾಗರಿಗೆ ಮರಣದಂಡನೆಯಾಯಿತು. ಅದೇ ಜೂನ್‌ನಲ್ಲಿ ಯುದ್ಧ ಸ್ಫೋಟಿಸಿತು. ಇಂಗ್ಲಿಷರು ಮೆಟಕಾಮ್‌ನನ್ನು ಫಿಲಿಪ್ ದೊರೆ ಎಂದು ಕರೆಯುತ್ತಿದ್ದುದರಿಂದ ಇದಕ್ಕೆ ಫಿಲಿಪ್ ದೊರೆಯ ಯುದ್ಧವೆಂದು ಹೆಸರು.

ಪ್ರಾರ್ಥನಾ ಗ್ರಾಮಗಳ ಜನರನ್ನು ಎರಡೂ ಪಕ್ಷಗಳು ಶಂಕಿಸಿದವು. ಅಕ್ಟೋಬರಿನಲ್ಲಿ ನೇಟಿಕ್‌ನವರನ್ನು ಬಾಸ್ಟನ್ ಬಂದರಿನ ಡಿಯರ್ ದ್ವೀಪಕ್ಕೆ ಸಾಗಿಸಲಾಯಿತು. ದೋಣಿ ಹತ್ತುವ ಮುನ್ನ ಎಲಿಯಟ್ ಅಲ್ಲಿಗೆ ಬಂದು ಅವರೊಡನೆ ಪ್ರಾರ್ಥಿಸಿದರು. ಬಳಿಕ ಇನ್ನಷ್ಟು ಜನರನ್ನು ಅಲ್ಲಿಗೆ ತಳ್ಳಲಾಯಿತು. ಚಳಿಗಾಲದಲ್ಲಿ ಆಹಾರ, ಸೌದೆಗಳಿಲ್ಲದೆ ಅನೇಕರು ಸತ್ತರು. ಎಲಿಯಟ್ ಹಾಗೂ ಅಧಿಕಾರಿ ಡೇನಿಯಲ್ ಗೂಕಿನ್ ದ್ವೀಪಕ್ಕೆ ಹೋಗಿಬರುತ್ತಿದ್ದು, ಸ್ವಜನರ ನಿಂದೆಗೆ ಗುರಿಯಾದರು. ಸೆರೆಯಾಳುಗಳನ್ನು ಹೊರದೇಶಗಳಿಗೆ ಗುಲಾಮರಾಗಿ ಮಾರುವುದನ್ನು ವಿರೋಧಿಸಿ ಎಲಿಯಟ್ ಸರ್ಕಾರಕ್ಕೆ ಮನವಿ ಬರೆದರು. ಮಾರಾಟ ನಿಲ್ಲಲಿಲ್ಲ. ನೆಸುಟನ್ ಈ ಯುದ್ಧದಲ್ಲಿ ಮಡಿದನು. ಬೈಬಲಿನ ಪ್ರತಿಗಳಲ್ಲಿ ಬಹುಪಾಲು ನಾಶವಾದವು. ಹದಿನಾಲ್ಕು ಗ್ರಾಮಗಳಲ್ಲಿ ಉಳಿದವು ನಾಲ್ಕು.

ಕೊನೆಯ ವರ್ಷಗಳು ಮತ್ತು ನಂತರ

ಯುದ್ಧ ಮುಗಿದಾಗ ಎಪ್ಪತ್ತು ದಾಟಿದ್ದ ಎಲಿಯಟ್ ಮತ್ತೆ ಮುದ್ರಣದ ಕೆಲಸಕ್ಕೆ ಕೈಹಾಕಿದರು. ನಿಗಮದವರಲ್ಲಿ ಕೆಲವರಿಗೆ, ಆ ಜನರಿಗೆ ಇಂಗ್ಲಿಷ್ ಕಲಿಸಿದರೆ ಸಾಕೆಂಬ ಅಭಿಪ್ರಾಯವಿತ್ತು. ಆದರೂ ಪ್ಲಿಮತ್‌ನ ಕಿರಿಯ ಜಾನ್ ಕಾಟನ್ ಅವರ ಪರಿಷ್ಕರಣೆಯೊಡನೆ, ಜೇಮ್ಸ್ ಪ್ರಿಂಟರ್‌ನ ದುಡಿಮೆಯಿಂದ ಎರಡನೆಯ ಆವೃತ್ತಿ 1685ರಲ್ಲಿ ಪೂರ್ಣಗೊಂಡಿತು. 1687ರಲ್ಲಿ ಪತ್ನಿ ತೀರಿಕೊಂಡರು. 1689ರಲ್ಲಿ ಎಲಿಯಟ್ ಶಾಲೆಯೊಂದಕ್ಕೆ ಜಮೀನು ದಾನ ಮಾಡಿದರು. ಅಲ್ಲಿ ಮೂಲನಿವಾಸಿಗಳ ಮತ್ತು ಕಪ್ಪುಜನರ ಮಕ್ಕಳಿಗೂ ಪಾಠ ಹೇಳಬೇಕೆಂಬುದು ಅವರ ಇಚ್ಛೆ. ಮರುವರ್ಷ ರಾಕ್ಸ್‌ಬರಿಯಲ್ಲಿ ನಿಧನರಾದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಸಚೂಸೆಟ್ ಭಾಷೆಯನ್ನು ಆಡುವವರು ಇಲ್ಲವಾದರು. ಎಲಿಯಟ್ ಬೈಬಲನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಜೇಮ್ಸ್ ಹ್ಯಾಮಂಡ್ ಟ್ರಂಬುಲ್ ಸಿದ್ಧಪಡಿಸಿದ ನಿಘಂಟು 1903ರಲ್ಲಿ ಪ್ರಕಟವಾಯಿತು. 1993ರಲ್ಲಿ ವಂಪನೋವಾಗ್ ಜನಾಂಗದ ಜೆಸ್ಸಿ ಲಿಟಲ್ ಡೋ ಬೇರ್ಡ್ ಅವರು ಪೂರ್ವಿಕರ ನುಡಿಯನ್ನು ಮರಳಿ ಆಡುವಂತೆ ಮಾಡುವ ಯೋಜನೆಯನ್ನು ಆರಂಭಿಸಿದರು. ಈ ಬೈಬಲ್, ಜೊತೆಗೆ ಆ ಜನರೇ ತಮ್ಮ ಭಾಷೆಯಲ್ಲಿ ಬರೆದಿಟ್ಟ ಪತ್ರಗಳು ಮತ್ತು ಭೂದಾಖಲೆಗಳು ಅವರಿಗೆ ಆಧಾರವಾದವು. ಅವರ ಮಗಳು ಹಲವು ತಲೆಮಾರುಗಳ ನಂತರ ಈ ಭಾಷೆಯನ್ನು ಹುಟ್ಟಿನಿಂದಲೇ ಆಡಿದ ಮೊದಲ ಮಗು.