ಇಟ್ಟಿಗೆ ಸುಟ್ಟು ಕಟ್ಟಿದ ವಿದ್ಯಾಲಯ

ಮೊದಲು ಕಟ್ಟಡ, ಆಮೇಲೆ ವಿದ್ಯಾರ್ಥಿ ಎಂಬುದು ವಿದ್ಯಾಲಯಗಳ ವಿಚಾರದಲ್ಲಿ ನಮ್ಮೆಲ್ಲರ ಭಾವನೆ. ಅಮೆರಿಕದ ಅಲಬಾಮ ಸಂಸ್ಥಾನದ ಟಸ್ಕೀಗಿ ಎಂಬ ಸಣ್ಣ ಊರಿನಲ್ಲಿ ಈ ಕ್ರಮವೇ ತಲೆಕೆಳಗಾಯಿತು. ಅಲ್ಲಿ ಮೊದಲು ಬಂದವರು ವಿದ್ಯಾರ್ಥಿಗಳು. ಕಟ್ಟಡವನ್ನು ಅವರೇ ಕಟ್ಟಿಕೊಂಡರು. ಅವರನ್ನು ಆ ಕಾರ್ಯಕ್ಕೆ ಹಚ್ಚಿದ ಮಹನೀಯರು ಬುಕರ್ ಟಿ. ವಾಷಿಂಗ್ಟನ್.

1856ರಲ್ಲಿ ವರ್ಜೀನಿಯದಲ್ಲಿ ಗುಲಾಮಳೊಬ್ಬಳ ಮಗನಾಗಿ ಹುಟ್ಟಿದ ಬುಕರನಿಗೆ, ಅಂತರ್ಯುದ್ಧ ಮುಗಿದ 1865ರಲ್ಲಿ ಬಿಡುಗಡೆ ದೊರೆಯಿತು. ಉಪ್ಪಿನ ಭಟ್ಟಿಯಲ್ಲಿಯೂ ಕಲ್ಲಿದ್ದಲ ಗಣಿಯಲ್ಲಿಯೂ ದುಡಿಯುತ್ತ ಅವನು ಅಕ್ಷರ ಕಲಿತನು. 1872ರಲ್ಲಿ ಸುಮಾರು 500 ಮೈಲಿ ದೂರದ ಹ್ಯಾಂಪ್ಟನ್ ವಿದ್ಯಾಲಯಕ್ಕೆ ಹೊರಟು, ಬರಿಗೈಯಲ್ಲಿ ಅಲ್ಲಿಗೆ ತಲುಪಿದನು. ಅವನಿಗೆ ಒದಗಿದ ಪ್ರವೇಶಪರೀಕ್ಷೆ ಒಂದು ಕೋಣೆ ಗುಡಿಸುವುದು. ಮೂರು ಸಲ ಗುಡಿಸಿ, ನಾಲ್ಕು ಸಲ ಧೂಳು ಒರೆಸಿದನು, ಪರೀಕ್ಷೆಯಲ್ಲಿ ತೇರ್ಗಡೆಯಾದನು!

1881ರಲ್ಲಿ ಟಸ್ಕೀಗಿಯಲ್ಲಿ ಕಪ್ಪು ಜನರಿಗಾಗಿ ಶಿಕ್ಷಕರನ್ನು ತಯಾರಿಸುವ ವಿದ್ಯಾಲಯವೊಂದಕ್ಕೆ ಅಲಬಾಮ ಸರ್ಕಾರ ವರ್ಷಕ್ಕೆ 2,000 ಡಾಲರು ಮಂಜೂರು ಮಾಡಿತ್ತು. ಆದರೆ ಅದು ಸಂಬಳಕ್ಕೆ ಮಾತ್ರ. ನೆಲವೂ ಇಲ್ಲ, ಮನೆಯೂ ಇಲ್ಲ. ಅದರ ಮುಖ್ಯಸ್ಥರಾಗಿ ಬಂದ ವಾಷಿಂಗ್ಟನ್ನರು ಜುಲೈ 4ರಂದು 30 ವಿದ್ಯಾರ್ಥಿಗಳೊಡನೆ ಒಂದು ಮುರುಕಲು ಗುಡಿಸಲಿನಲ್ಲಿ ಪಾಠ ಆರಂಭಿಸಿದರು. ಮಳೆ ಬಂದರೆ ಒಬ್ಬ ವಿದ್ಯಾರ್ಥಿ ಗುರುಗಳ ತಲೆಯ ಮೇಲೆ ಕೊಡೆ ಹಿಡಿಯಬೇಕಾಗಿತ್ತು. ಬಳಿಕ ಸಾಲ ತಂದು 100 ಎಕರೆ ಜಮೀನು ಕೊಂಡರು. ಅಲ್ಲಿದ್ದ ಕುದುರೆಲಾಯವೂ ಕೋಳಿಯ ಗೂಡೂ ತರಗತಿಗಳಾದುವು.

ಗಿಡಗಂಟಿ ಕಡಿಯಲು ಕರೆದಾಗ ವಿದ್ಯಾರ್ಥಿಗಳು ಹಿಂಜರಿದರು. ಮೈಮುರಿದು ದುಡಿಯುವುದು ಗುಲಾಮಗಿರಿಯ ಗುರುತು. ಓದಲು ಬಂದವರಿಗೆ ಅದೇಕೆ ಎಂಬುದು ಅವರ ಸಂಕಟ. ವಾಷಿಂಗ್ಟನ್ನರು ತಾವೇ ಕೊಡಲಿ ಹೆಗಲಿಗೇರಿಸಿ ಮುಂದೆ ನಡೆದರು, ಹುಡುಗರು ಹಿಂಬಾಲಿಸಿದರು.

ಕಟ್ಟಡಕ್ಕೆ ಇಟ್ಟಿಗೆ ಬೇಕಾಯಿತು. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಮಣ್ಣು ಕಲಸಿದರು. ಮೊದಲ ಗೂಡು ಕೆಟ್ಟಿತು, ಎರಡನೆಯದೂ ಕೆಟ್ಟಿತು, ಮೂರನೆಯದು ಸುಟ್ಟು ಮುಗಿಯುವ ಹೊತ್ತಿಗೆ ಕುಸಿಯಿತು. ಕೈಯಲ್ಲಿ ಕಾಸಿಲ್ಲ. ಆಗ ವಾಷಿಂಗ್ಟನ್ನರು ಮಾಂಟ್ಗಮರಿ ನಗರಕ್ಕೆ ಹೋಗಿ ತಮ್ಮ ಗಡಿಯಾರವನ್ನು 15 ಡಾಲರಿಗೆ ಒತ್ತೆಯಿಟ್ಟರು. ನಾಲ್ಕನೆಯ ಗೂಡು ಗೆದ್ದಿತು! ಸುತ್ತಲಿನ ಬಿಳಿಯರೂ ಇಟ್ಟಿಗೆ ಕೊಳ್ಳಲು ಬಂದರು. ಓದಿದ ಕಪ್ಪು ಜನ ದುಡಿಮೆಗೆ ಒದಗರೆಂದು ಶಂಕಿಸಿದ್ದವರು, ವಿದ್ಯೆಯಿಂದ ತಮ್ಮ ಊರಿಗೂ ಲಾಭವುಂಟೆಂದು ಕಂಡುಕೊಂಡರು.

ಅವರ ಮಾರ್ಗವನ್ನು ಎಲ್ಲರೂ ಒಪ್ಪಲಿಲ್ಲ. ಕೈಕಸುಬಿಗೆ ಹೆಚ್ಚು ಒತ್ತು ಕೊಟ್ಟು, ಮತದಾನದ ಹಕ್ಕಿಗಾಗಿ ಗಟ್ಟಿಯಾಗಿ ದನಿಯೆತ್ತಲಿಲ್ಲವೆಂದು ವಿದ್ವಾಂಸರಾದ ಡು ಬಾಯ್ಸ್ 1903ರಲ್ಲಿ ಖಂಡಿಸಿದರು. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಹಕ್ಕಿಲ್ಲದವನ ದುಡಿಮೆಗೆ ಭದ್ರತೆ ಎಲ್ಲಿಯದು? ಆದರೂ ಬರಿಗೈಯವರಿಗೆ ಅವರು ಕಟ್ಟಿಕೊಟ್ಟ ನೆಲೆ ಸುಳ್ಳಲ್ಲ. 1915ರಲ್ಲಿ ಅವರು ತೀರಿಕೊಂಡಾಗ ಅಲ್ಲಿ ನೂರಕ್ಕೂ ಹೆಚ್ಚು ಕಟ್ಟಡಗಳಿದ್ದುವು. ಆ ವಿದ್ಯಾಲಯ ಇಂದು ವಿಶ್ವವಿದ್ಯಾಲಯವಾಗಿದೆ.

ಒತ್ತೆಯಿಟ್ಟ ಗಡಿಯಾರ ಮಾತ್ರ ಮರಳಿ ಬರಲಿಲ್ಲ. ಅದಕ್ಕಾಗಿ ಅವರು ಎಂದೂ ಮರುಗಲಿಲ್ಲ. ತರಗತಿಯ ಗಂಟೆ ಬಾರಿಸಿದಾಗ ಬೇಸರಪಡುವ ನಾವು, ಆ ಗಡಿಯಾರವನ್ನು ಒಮ್ಮೆ ನೆನೆಯುವುದು ಒಳ್ಳೆಯದು.